ಕಲಿಯುತ್ತಲೇ ಕಲಿಸಿದ ಸಂತ ಅಂಬ್ರೋಸರು

ದೇವರ ಕರೆ ಬಂದಾಗ ತಾನು ಅದಕ್ಕೆ ತಕ್ಕವನಲ್ಲವೆಂದು ಹಿಂಜರಿಯುವುದು ಮಾನವಸಹಜ. ಮಾತು ಬಾರದವನೆಂದು ಮೋಶೆಯೂ ಎಳೆಯನೆಂದು ಯೆರೆಮೀಯನೂ ಹಿಂದೆಗೆದುದನ್ನು ಪವಿತ್ರ ಗ್ರಂಥದಲ್ಲಿ ಓದುತ್ತೇವೆ. ಆದರೆ ಕರೆಯಿಂದ ತಪ್ಪಿಸಿಕೊಳ್ಳಲು ಸಂತ ಅಂಬ್ರೋಸರಷ್ಟು ಹರಸಾಹಸಪಟ್ಟವರು ಧರ್ಮಸಭೆಯ ಇತಿಹಾಸದಲ್ಲಿ ವಿರಳ. ಅವರ ಹಿಂಜರಿಕೆಗೆ ಬಲವಾದ ಕಾರಣವೂ ಇತ್ತು.

ಅಂಬ್ರೋಸರು ಸುಮಾರು 340ರಲ್ಲಿ, ಇಂದು ಜರ್ಮನಿಗೆ ಸೇರಿರುವ ಟ್ರಿಯರ್ ನಗರದಲ್ಲಿ ಜನಿಸಿದರು. ತಂದೆ ರೋಮನ್ ಸಾಮ್ರಾಜ್ಯದ ಉನ್ನತಾಧಿಕಾರಿ. ತಂದೆಯ ಮರಣಾನಂತರ ರೋಮಿನಲ್ಲಿ ಬೆಳೆದ ಅವರು ಸಾಹಿತ್ಯವನ್ನೂ ಗ್ರೀಕ್ ಭಾಷೆಯನ್ನೂ ಕಾನೂನನ್ನೂ ಅಭ್ಯಸಿಸಿ ವಕೀಲರಾದರು. ಮುಂದೆ ಉತ್ತರ ಇಟಲಿಯ ಪ್ರಾಂತ್ಯವೊಂದರ ರಾಜ್ಯಪಾಲರಾಗಿ ಮಿಲಾನಿನಲ್ಲಿ ನೆಲೆಸಿದರು. ಕುಟುಂಬವು ಭಕ್ತಿವಂತ ಕ್ರೈಸ್ತ ಕುಟುಂಬವಾಗಿತ್ತು. ಅಕ್ಕ ಮಾರ್ಸೆಲೀನಾ ತಮ್ಮ ಕನ್ಯತ್ವವನ್ನು ದೇವರಿಗೆ ಅರ್ಪಿಸಿದವರು. ಆದರೂ ದೀಕ್ಷಾಸ್ನಾನವನ್ನು ಮುಂದೂಡುವ ಅಂದಿನ ವಾಡಿಕೆಯಂತೆ ಅಂಬ್ರೋಸರು ಇನ್ನೂ ದೀಕ್ಷೆ ಪಡೆದಿರಲಿಲ್ಲ.

374ರಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಔಕ್ಸೆನ್ಸಿಯುಸ್ ನಿಧನ ಹೊಂದಿದರು. ಅವರು, ಕ್ರಿಸ್ತರು ಪಿತನಿಗೆ ಸಮಾನರೆಂಬುದನ್ನು ಒಪ್ಪದ ಆರಿಯನ್ ಪಂಥದವರಾಗಿದ್ದರು. ಉತ್ತರಾಧಿಕಾರಿಯ ಆಯ್ಕೆಯಲ್ಲಿ ಆರಿಯನರಿಗೂ ಕಥೋಲಿಕರಿಗೂ ತೀವ್ರ ಕಲಹವುಂಟಾಯಿತು. ಶಾಂತಿ ಕಾಪಾಡಲು ರಾಜ್ಯಪಾಲ ಅಂಬ್ರೋಸರು ದೇವಾಲಯಕ್ಕೆ ಬಂದು ಜನರನ್ನು ಸಂತೈಸತೊಡಗಿದರು. ಆಗ ಮಗುವೊಂದು ಅವರೇ ಧರ್ಮಾಧ್ಯಕ್ಷರಾಗಲೆಂದು ಕೂಗಿತೆಂದೂ ಎರಡೂ ಪಕ್ಷದವರು ಅದಕ್ಕೆ ದನಿಗೂಡಿಸಿದರೆಂದೂ ಅವರ ಜೀವನಚರಿತ್ರೆಯನ್ನು ಬರೆದ ಪೌಲಿನುಸ್ ತಿಳಿಸುತ್ತಾರೆ.

ಅಂಬ್ರೋಸರು ದಿಗ್ಭ್ರಾಂತರಾದರು. ಪೌಲಿನುಸರ ಪ್ರಕಾರ, ತಾವು ಕ್ರೂರಿಯೆಂದು ತೋರಿಸಲು ನ್ಯಾಯಾಸನವೇರಿ ಆರೋಪಿಗಳಿಗೆ ಚಿತ್ರಹಿಂಸೆ ವಿಧಿಸಿದರು. ತಮ್ಮ ಹೆಸರು ಕೆಡಲೆಂದು ವೇಶ್ಯೆಯರನ್ನು ಮನೆಗೆ ಕರೆಸಿದರು. ಜನರು ಜಗ್ಗಲಿಲ್ಲ. ನಡುರಾತ್ರಿಯಲ್ಲಿ ಪಾವಿಯಾ ನಗರದತ್ತ ಪಲಾಯನ ಮಾಡಿದರೆ, ದಾರಿ ತಪ್ಪಿ ಮುಂಜಾನೆ ಮಿಲಾನಿನ ಹೆಬ್ಬಾಗಿಲಲ್ಲೇ ನಿಂತಿದ್ದರು! ಗೆಳೆಯನೊಬ್ಬನ ತೋಟದಲ್ಲಿ ಅಡಗಿಕೊಂಡದ್ದೂ ಫಲಿಸಲಿಲ್ಲ. ಚಕ್ರವರ್ತಿ ವಾಲೆಂಟೀನಿಯನ್ ಆಯ್ಕೆಯನ್ನು ಸಮ್ಮತಿಸಿದಾಗ ಅಂಬ್ರೋಸರು ಕೊನೆಗೂ ತಲೆಬಾಗಿದರು. ದೀಕ್ಷಾಸ್ನಾನ ಪಡೆದ ಕೆಲವೇ ದಿನಗಳಲ್ಲಿ, 374ರ ಡಿಸೆಂಬರ್ 7ರಂದು, ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.

ಅವರ ಭಯ ನಿರಾಧಾರವಾದುದಲ್ಲ. ಹೊಸದಾಗಿ ದೀಕ್ಷೆ ಪಡೆದವನನ್ನು ಧರ್ಮಾಧ್ಯಕ್ಷನನ್ನಾಗಿ ಮಾಡಬಾರದೆಂದು 325ರ ನೈಸಿಯಾ ಮಹಾಸಭೆಯೇ ವಿಧಿಸಿತ್ತು. ಅಂಬ್ರೋಸರು ತಮ್ಮನ್ನು ಅನರ್ಹರೆಂದು ಭಾವಿಸಿದ್ದು ಮಾತ್ರವಲ್ಲ, ಸಿದ್ಧತೆಯ ದೃಷ್ಟಿಯಿಂದ ನಿಜವಾಗಿಯೂ ಅನರ್ಹರಾಗಿದ್ದರು. ಇಲ್ಲಿ ನಾವು ಒಂದು ಭೇದವನ್ನು ಗಮನಿಸಬೇಕು. ತನ್ನ ಕೊರತೆಯನ್ನು ಅರಿಯುವುದು ವಿನಯ. ಆ ಕೊರತೆಯನ್ನೇ ಆಶ್ರಯಿಸಿ ಕುಳಿತುಬಿಡುವುದು ನೆಪ. ವಿನಯ ಸತ್ಯವನ್ನು ಒಪ್ಪಿಕೊಂಡು ಮುಂದಡಿಯಿಡುತ್ತದೆ. ನೆಪ ಅದೇ ಸತ್ಯವನ್ನು ಹೇಳಿ ನಿಂತಲ್ಲೇ ನಿಲ್ಲುತ್ತದೆ. ಅಭಿಷೇಕಕ್ಕೆ ಮುನ್ನ ಅಂಬ್ರೋಸರ ಕೊರತೆಯು ಪಲಾಯನಕ್ಕೆ ಕಾರಣವಾಗಿತ್ತು. ಅನಂತರ ಅದೇ ಕೊರತೆಯು ಕರ್ತವ್ಯವಾಯಿತು.

ಅವರು ತಮ್ಮ ಸಂಪತ್ತನ್ನು ಧರ್ಮಸಭೆಗೂ ಬಡವರಿಗೂ ಒಪ್ಪಿಸಿದರು. ಸಿಂಪ್ಲಿಸಿಯಾನುಸ್ ಎಂಬ ಗುರುಗಳ ಬಳಿ ಶಿಷ್ಯನಂತೆ ಪವಿತ್ರ ಗ್ರಂಥವನ್ನು ಅಭ್ಯಸಿಸಿದರು. ತಾವು ಕಲಿಯದಿದ್ದುದನ್ನು ಕಲಿಸಬೇಕಾಗಿ ಬಂದುದರಿಂದ ಕಲಿಕೆಯೂ ಬೋಧನೆಯೂ ಒಟ್ಟಿಗೇ ಸಾಗಬೇಕಾಯಿತೆಂದು ಸ್ವತಃ ಬರೆದುಕೊಂಡರು. ಯಾರು ಬೇಕಾದರೂ ಒಳಬರಬಹುದಾಗಿದ್ದ ಅವರ ಕೊಠಡಿಯಲ್ಲಿ, ಜನರ ಅಹವಾಲುಗಳ ನಡುವೆ ದೊರೆತ ಅಲ್ಪ ವೇಳೆಯಲ್ಲೂ ಅವರು ಮೌನವಾಗಿ ಓದುತ್ತಿದ್ದುದನ್ನು ಸಂತ ಆಗಸ್ಟೀನರು ಕಂಡು ಬೆರಗಾಗಿದ್ದರು.

ಆ ಕಲಿಕೆಯ ಫಲ ಅಪಾರ. ಅಂಬ್ರೋಸರ ಪ್ರಬೋಧನೆಗಳನ್ನು ಆಲಿಸಿದ ಆಗಸ್ಟೀನರು 387ರ ಪಾಸ್ಖ ಜಾಗರಣೆಯಂದು ಅವರಿಂದಲೇ ದೀಕ್ಷಾಸ್ನಾನ ಪಡೆದರು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸಲು ಅಂಬ್ರೋಸರು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿ ಹಣ ಹೊಂದಿಸಿದರು. 390ರಲ್ಲಿ ಥೆಸಲೋನಿಕದಲ್ಲಿ ಸಾವಿರಾರು ಜನರ ಹತ್ಯೆಗೆ ಕಾರಣನಾದ ಚಕ್ರವರ್ತಿ ಥಿಯೊಡೋಸಿಯುಸನಿಗೆ ಸ್ವಹಸ್ತದಿಂದ ಪತ್ರ ಬರೆದು, ಪ್ರಾಯಶ್ಚಿತ್ತವಿಲ್ಲದೆ ಅವನ ಸಮ್ಮುಖದಲ್ಲಿ ಬಲಿಪೂಜೆ ಅರ್ಪಿಸಲಾರೆನೆಂದು ತಿಳಿಸಿದರು. ಚಕ್ರವರ್ತಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. ಒಮ್ಮೆ ಜನರ ಕೂಗಿಗೆ ಹೆದರಿ ಓಡಿದವರು ಸಾಮ್ರಾಟನೆದುರು ಸ್ಥಿರವಾಗಿ ನಿಂತರು. ರಾಜ್ಯಭಾರದ ಅನುಭವವನ್ನೂ ದೇವರು ವ್ಯರ್ಥವಾಗಲು ಬಿಡಲಿಲ್ಲ.

397ರ ಏಪ್ರಿಲ್ 4ರಂದು, ಪವಿತ್ರ ಶನಿವಾರ, ಅಂಬ್ರೋಸರು ದೈವಾಧೀನರಾದರು. ಸಾಮಾನ್ಯವಾಗಿ ಸಂತರ ಹಬ್ಬವನ್ನು ಅವರ ಮರಣದ ದಿನದಂದು ಆಚರಿಸುವ ಧರ್ಮಸಭೆ, ಇವರ ಹಬ್ಬವನ್ನು ಡಿಸೆಂಬರ್ 7ರಂದು, ಅವರು ಅಳುಕುತ್ತಲೇ ಭಾರವನ್ನು ಹೊತ್ತ ದಿನದಂದು, ಆಚರಿಸುತ್ತದೆ.

ಪ್ರಿಯ ಬಾಂಧವರೇ, ಧರ್ಮಕೇಂದ್ರಗಳಲ್ಲಿ ಮಕ್ಕಳಿಗೆ ಧರ್ಮೋಪದೇಶ ಮಾಡಲು, ರೋಗಿಗಳನ್ನು ಸಂದರ್ಶಿಸಲು, ಒಡೆದ ಮನೆಗಳನ್ನು ಕೂಡಿಸಲು ಕರೆ ಬಂದಾಗ ನನಗೆ ಯೋಗ್ಯತೆಯಿಲ್ಲವೆಂಬ ಉತ್ತರ ಸುಲಭವಾಗಿ ನಾಲಿಗೆಗೆ ಬರುತ್ತದೆ. ಅದು ಸತ್ಯವೇ ಇರಬಹುದು. ಆದರೆ ಅದು ಸಂವಾದದ ಅಂತ್ಯವಲ್ಲ, ಆರಂಭ. ದೇವರು ನಮ್ಮಿಂದ ಮೊದಲು ಕೇಳುವುದು ಸಮ್ಮತಿಯನ್ನು. ಅನಂತರ ಅವರು ಕೇಳುವುದು ದಿನದಿನದ ಪರಿಶ್ರಮವನ್ನು. ಇವೆರಡನ್ನೂ ಅರ್ಪಿಸಿದವನ ಕೊರತೆಯನ್ನು ತುಂಬುವ ಹೊಣೆ ಅವರದೇ.