ತಾರ್ಕಿಕ ಶ್ರೀ ವ್ಯಾಸರಾಯರು

ಕನ್ನಡನಾಡಿನಲ್ಲಿ ಶ್ರೀ ವ್ಯಾಸರಾಯರ ಹೆಸರನ್ನು ಕೇಳದವರು ವಿರಳ. ಆದರೆ ಅವರು ಮಾಡಿದ ಕಾರ್ಯವೇನೆಂದು ವಿಚಾರಿಸಿದರೆ, ಪುರಂದರದಾಸರ ಗುರುಗಳೆಂದು ಕೆಲವರೂ, ಊರೂರಿನಲ್ಲಿ ಹನುಮಂತನನ್ನು ಪ್ರತಿಷ್ಠೆ ಮಾಡಿದವರೆಂದು ಕೆಲವರೂ, ಕೃಷ್ಣದೇವರಾಯನ ಕುಹಯೋಗವನ್ನು ಕಳೆಯುವುದಕ್ಕಾಗಿ ಸಿಂಹಾಸನವನ್ನೇರಿದವರೆಂದು ಮತ್ತೆ ಕೆಲವರೂ ಹೇಳುವರೇ ಹೊರತು, ಭರತಖಂಡದ ತಾರ್ಕಿಕರಲ್ಲಿ ಮೊದಲ ಸಾಲಿನವರೆಂದು ಹೇಳುವವರು ಬಹು ಕಡಮೆ. ಕೀರ್ತಿಯೇ ಒಬ್ಬ ಮಹನೀಯನ ಮುಖ್ಯ ಗುಣವನ್ನು ಮರೆಮಾಡುವುದುಂಟು. ಇಲ್ಲಿ ಆಗಿರುವುದೂ ಅದೇ.

ಬನ್ನೂರಿನಲ್ಲಿ 15ನೆಯ ಶತಮಾನದಲ್ಲಿ ಜನಿಸಿದ ಇವರು ಎಳೆಯ ವಯಸ್ಸಿನಲ್ಲಿಯೇ ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸವನ್ನು ಪಡೆದರು. ಗುರುಗಳು ಕಾಲವಾದ ಮೇಲೆ ಕಂಚಿಗೆ ತೆರಳಿ ಷಡ್ದರ್ಶನಗಳನ್ನು ವ್ಯಾಸಂಗಮಾಡಿದರು; ಅನಂತರ ಮುಳುಬಾಗಿಲಿನ ಶ್ರೀಪಾದರಾಯರ ಬಳಿಯಲ್ಲಿ ಸ್ವಮತದ ಶಾಸ್ತ್ರವನ್ನು ಓದಿದರು. ಈ ಕ್ರಮವು ಗಮನಾರ್ಹವಾದುದು. ಪ್ರತಿಪಕ್ಷದವನು ಏನು ಹೇಳುವನೆಂಬುದನ್ನು ಅವನ ಗ್ರಂಥದಿಂದಲೇ ತಿಳಿದುಕೊಂಡವರು ಇವರು. ಚಂದ್ರಗಿರಿಯಲ್ಲಿ ಸಾಳುವ ನರಸಿಂಹನ ಆಸ್ಥಾನದಲ್ಲಿಯೂ, ಆಮೇಲೆ ವಿಜಯನಗರದಲ್ಲಿಯೂ ಅವರಿಗೆ ದೊರೆತ ಮನ್ನಣೆಯನ್ನು ಸಮಕಾಲೀನ ಕವಿಯಾದ ಸೋಮನಾಥನು ತನ್ನ ಸಂಸ್ಕೃತ ಚಂಪುವಾದ ವ್ಯಾಸಯೋಗಿಚರಿತದಲ್ಲಿ ವಿಸ್ತಾರವಾಗಿ ವರ್ಣಿಸಿರುವನು.

ಅವರ ಮೂರು ಮಹಾಗ್ರಂಥಗಳಾದ ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳಲ್ಲಿ ಕೊನೆಯದು ಪ್ರಮಾಣವಿಚಾರಕ್ಕೇ ಮೀಸಲಾದುದು. ಮಿಥಿಲೆಯ ಗಂಗೇಶನ ತತ್ತ್ವಚಿಂತಾಮಣಿಯೇ ಮೊದಲಾದ ನ್ಯಾಯಗ್ರಂಥಗಳನ್ನು ಅದು ಪರೀಕ್ಷೆಗೆ ಒಡ್ಡುತ್ತದೆ. ವಿಷಯವು ಗಹನವಾದರೂ ಮೂಲವು ನಮ್ಮ ನಿತ್ಯವ್ಯವಹಾರದಲ್ಲಿಯೇ ಇರುವುದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ಊಹಿಸುತ್ತೇವೆ, ಅದು ಸರಿ. ಬೆಂಕಿಯನ್ನು ಕಂಡು ಹೊಗೆಯಿದೆಯೆಂದು ಊಹಿಸಿದರೆ ತಪ್ಪು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ಹೇತುವನ್ನು ಕೆಡಿಸುವ ನಿಬಂಧನೆಗೆ ಶಾಸ್ತ್ರಕಾರರು ಉಪಾಧಿಯೆಂದು ಹೆಸರಿಟ್ಟಿರುವರು. ಒಂದು ಶಾಲೆಯ ಹುಡುಗರೆಲ್ಲರೂ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದು ಅಲ್ಲಿನ ಬೋಧನೆಯನ್ನು ಹೊಗಳುವವರು, ಆ ಶಾಲೆಯು ಬುದ್ಧಿವಂತರನ್ನೇ ಆರಿಸಿ ಸೇರಿಸಿಕೊಳ್ಳುವುದೇ ಎಂಬುದನ್ನು ವಿಚಾರಿಸುವುದಿಲ್ಲ. ಹಸಿಯ ಸೌದೆಯು ಅಲ್ಲಿಯೂ ಇದೆ!

ಹೇತುವಿಗೂ ಸಾಧ್ಯಕ್ಕೂ ಇರುವ ನಿಯತ ಸಂಬಂಧವಾದ ವ್ಯಾಪ್ತಿಯ ವಿಷಯದಲ್ಲಿ ವ್ಯಾಸರಾಯರು ಹಿಡಿದ ದಾರಿಯು ಸ್ವತಂತ್ರವಾದುದು. ಎರಡೂ ಒಂದೇ ಸ್ಥಳದಲ್ಲಿ ಇರಬೇಕೆಂಬ ನಿಯಮವನ್ನು ಅವರು ಒಪ್ಪಲಿಲ್ಲ. ಕೆಳಗಿನ ದೇಶದಲ್ಲಿ ನದಿಯು ತುಂಬಿ ಬಂದರೆ ಮೇಲಿನ ದೇಶದಲ್ಲಿ ಮಳೆಯಾಗಿದೆಯೆಂದು ತಿಳಿಯುತ್ತೇವಷ್ಟೆ? ಬನ್ನೂರಿನ ಬಯಲಿನಲ್ಲಿ ಹನಿ ಬೀಳದಿದ್ದರೂ ಕಾವೇರಿಯ ಕೆಂಪು ನೀರನ್ನು ನೋಡಿ ಕೊಡಗಿನ ಮಳೆಯನ್ನು ಹೇಳುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದಿಲ್ಲದೆ ಮತ್ತೊಂದು ಉಪಪನ್ನವಾಗದೆಂಬುದೇ ವ್ಯಾಪ್ತಿಯ ಜೀವಾಳ. ಜೊತೆಯಲ್ಲಿ ಕಂಡುಬರುವುದು ಸಾಲದು. ವಾದದ ಅವಯವಗಳು ನೈಯಾಯಿಕರಿಗೆ ಐದು, ಮೀಮಾಂಸಕರಿಗೆ ಮೂರು, ಬೌದ್ಧರಿಗೆ ಎರಡು. ಇವರ ಸಂಪ್ರದಾಯದಲ್ಲಿ ಸಂಖ್ಯೆಗೆ ಹಟವಿಲ್ಲ. ಕೇಳುವವನ ಸಂಶಯವು ತೀರಲು ಎಷ್ಟು ಬೇಕೋ ಅಷ್ಟು.

ನ್ಯಾಯಾಮೃತದಲ್ಲಿ ಅವರು ಅದ್ವೈತಿಗಳ ವಾದಗಳನ್ನು ಗ್ರಂಥಗ್ರಂಥಗಳಿಂದ ಆರಿಸಿ, ಕ್ರಮವಾಗಿ ಜೋಡಿಸಿ, ಪೂರ್ವಪಕ್ಷವನ್ನು ಪೂರ್ಣವಾಗಿ ನಿಲ್ಲಿಸಿದ ಮೇಲೆಯೇ ಖಂಡನೆಗೆ ಕೈಹಾಕಿರುವರು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಿದಾಗ ನ್ಯಾಯಾಮೃತದ ವಾಕ್ಯಗಳನ್ನು ಒಂದೊಂದಾಗಿ ಹಿಡಿದು ನಡೆಯಬೇಕಾಯಿತು. ಯಾರು ಗೆದ್ದರೆಂಬುದನ್ನು ಆಯಾ ಮತದವರು ತಮತಮಗೆ ತೋರಿದಂತೆ ನಿರ್ಣಯಿಸಿಕೊಳ್ಳಲಿ. ನಮಗೆ ಅದು ಪ್ರಕೃತವಲ್ಲ. ಎದುರಾಳಿಯು ಆಡದ ಮಾತನ್ನು ಅವನ ಬಾಯಿಗೆ ತುರುಕಿ ಗೆದ್ದೆನೆನ್ನುವ ಛಲವು ವೇದಿಕೆಗಳಲ್ಲಿ ವಿಜೃಂಭಿಸುತ್ತಿರುವಾಗ, ಎದುರಾಳಿಯೇ ತಲೆದೂಗುವಂತೆ ಅವನ ಪಕ್ಷವನ್ನು ಹೇಳಿದ ಈ ಯತಿಗಳ ರೀತಿಯು ನಮಗೆ ಅವರ ಎಲ್ಲ ಜಯಪತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಕುಹಯೋಗದ ಕಥೆ. ರಾಜನಿಗೆ ಬರಲಿದ್ದ ವಿಪತ್ತನ್ನು ಗುರುಗಳು ಸಿಂಹಾಸನದಲ್ಲಿ ಕುಳಿತು ನಿವಾರಿಸಿದರೆಂದೂ, ಅದರಿಂದಲೇ ವ್ಯಾಸತೀರ್ಥರು ವ್ಯಾಸರಾಯರಾದರೆಂದೂ ಐತಿಹ್ಯವಿದೆ. ಕೃಷ್ಣದೇವರಾಯನು ಅವರನ್ನು ಗೌರವಿಸಿದನೆಂಬುದಕ್ಕೆ ದಾನಶಾಸನಗಳುಂಟು. 1509ರಿಂದ 1529ರವರೆಗೆ ಅವನ ರಾಜ್ಯವು ವಿಜೃಂಭಿಸಿದುದೂ ನಿಜ. ಆದರೆ ಮೊದಲು ಇದಾಯಿತು, ಅನಂತರ ಅದಾಯಿತು, ಆದುದರಿಂದ ಇದರಿಂದಲೇ ಅದಾಯಿತು ಎಂಬುದು ಕಾಗೆಯು ಕುಳಿತಾಗ ತಾಳೆಯ ಹಣ್ಣು ಬಿದ್ದಂತೆ. ಶ್ರದ್ಧೆಯಿಂದ ಕಥೆಯನ್ನು ಕೇಳುವವರನ್ನು ನಾವು ಆಕ್ಷೇಪಿಸುವುದಿಲ್ಲ. ತರ್ಕತಾಂಡವದ ಕರ್ತೃವಿನ ಹೆಸರಿನಲ್ಲಿ ಕಾಕತಾಳೀಯವು ಪ್ರಮಾಣವೆನಿಸುವುದು ಮಾತ್ರ ವಿಚಿತ್ರವೆಂದು ತೋರುತ್ತದೆ.

1539ರಲ್ಲಿ ಅವರು ದೇಹವನ್ನು ಬಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ತರ್ಕತಾಂಡವಕ್ಕೆ ಮಂತ್ರಾಲಯದ ಶ್ರೀ ರಾಘವೇಂದ್ರತೀರ್ಥರು ನ್ಯಾಯದೀಪವೆಂಬ ವ್ಯಾಖ್ಯಾನವನ್ನು ಬರೆದರು. ಮೂಲವೂ ವ್ಯಾಖ್ಯಾನವೂ ಮೈಸೂರಿನಲ್ಲಿ ಅಚ್ಚಾಗಿವೆ. 2019ರ ಜುಲೈ ತಿಂಗಳಿನಲ್ಲಿ ನಿಧಿಗಳ್ಳರು ರಾತ್ರಿಯ ವೇಳೆ ನಡುಗಡ್ಡೆಗೆ ಹೋಗಿ ಆ ಬೃಂದಾವನವನ್ನು ಕೆಡವಿದರು. ರಾಜಗುರುಗಳೆಂದ ಮೇಲೆ ಒಳಗೆ ಹೊನ್ನು ಇರಲೇಬೇಕೆಂದು ಬಗೆದರೋ ಏನೋ. ಸರ್ವಸಂಗಪರಿತ್ಯಾಗಿಯ ಸಮಾಧಿಗೂ ಹೊನ್ನಿಗೂ ಯಾವ ವ್ಯಾಪ್ತಿಯನ್ನು ಅವರು ಕಂಡರೆಂಬುದು ನಮ್ಮ ಬುದ್ಧಿಗೆ ನಿಲುಕದು. ಕೆಲವೇ ದಿನಗಳಲ್ಲಿ ಭಕ್ತರು ಕೂಡಿ ಕಲ್ಲುಗಳನ್ನು ಮರಳಿ ಜೋಡಿಸಿ ಬೃಂದಾವನವನ್ನು ನಿಲ್ಲಿಸಿದರು.