ತೋಪಿನ ಕೆಲಸ ಬಿಟ್ಟ ಮೇಜರ್ ಮಾರ್ಡೆಕೈ

ತೋಪು, ಮದ್ದುಗುಂಡಿನ ವಿಷಯದಲ್ಲಿ ಇಡೀ ಅಮೆರಿಕದಲ್ಲೇ ಎತ್ತಿದ ಕೈ ಎನಿಸಿದ್ದ ಒಬ್ಬ ಅಧಿಕಾರಿ, ಯುದ್ಧ ಶುರುವಾದ ಹೊತ್ತಿಗೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಹೆದರಿಕೊಂಡು ಬಂದರು ಅಂದುಕೊಳ್ಳಬೇಡಿ. ಅವರ ಜೀವನವನ್ನು ನಮ್ಮ ಸಂಘದ ಸದಸ್ಯ ಬಾಂಧವರ ಮುಂದೆ ಇಡಬೇಕೆನ್ನಿಸಿತು.

ಆಲ್ಫ್ರೆಡ್ ಮಾರ್ಡೆಕೈ ಅವರು ಹುಟ್ಟಿದ್ದು 1804ರ ಜನವರಿ 3ರಂದು, ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯದ ವಾರೆಂಟನ್ ಎಂಬ ಸಣ್ಣ ಊರಿನಲ್ಲಿ. ಯಹೂದಿ ಮನೆತನ. ತಂದೆ ಜೇಕಬ್ ಅವರು ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದವರು. ಹುಡುಗ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಸೇರಿ, 1823ರಲ್ಲಿ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ. ಸ್ವಲ್ಪ ಕಾಲ ಅಲ್ಲೇ ಮೇಷ್ಟ್ರ ಕೆಲಸ, ಆಮೇಲೆ ಕೋಟೆ ಕಟ್ಟಿಸುವ ಕೆಲಸ. 1832ರಲ್ಲಿ ಕ್ಯಾಪ್ಟನ್ ಆಗಿ ಆರ್ಡ್ನೆನ್ಸ್ ಇಲಾಖೆಗೆ ಬಂದರು. ಸೈನ್ಯಕ್ಕೆ ಬೇಕಾದ ಆಯುಧ, ಮದ್ದುಗುಂಡು ಮಾಡಿಸಿ, ಪರೀಕ್ಷೆ ಮಾಡಿ ಒದಗಿಸುವ ಇಲಾಖೆ ಅದು.

ಯಾವ ಕಾರ್ಖಾನೆಯಲ್ಲಿ ಮಾಡಿದರೂ ತೋಪು, ಅದರ ಗಾಡಿ, ಗುಂಡು ಎಲ್ಲವೂ ಒಂದೇ ಅಳತೆಗೆ ಬರಬೇಕು ಎಂಬುದು ಇವರು ಹಿಡಿದ ಹಟ. 1841ರ ಆರ್ಡ್ನೆನ್ಸ್ ಕೈಪಿಡಿ ಇವರು ಸಿದ್ಧಪಡಿಸಿದ್ದೇ. ತೋಪುಗಳ ನಕ್ಷೆ, ವಿವರಗಳ ದೊಡ್ಡ ಪುಸ್ತಕ 1849ರಲ್ಲಿ ಬಂತು.

ಇನ್ನು ಮದ್ದಿನ ಪರೀಕ್ಷೆ. ಆ ಕಾಲದಲ್ಲಿ ಸಿಡಿಮದ್ದಿನ ಶಕ್ತಿ ನೋಡಲು ಚಿಕ್ಕದೊಂದು ಸಾಧನದಲ್ಲಿ ಚಿಟಿಕೆ ಮದ್ದು ಹಾಕಿ ಸುಡುತ್ತಿದ್ದರು. ಮಾರ್ಡೆಕೈ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ವಾಷಿಂಗ್ಟನ್ ಶಸ್ತ್ರಾಗಾರದಲ್ಲಿ ತೂಕದ ದಿಮ್ಮಿಯೊಂದನ್ನು ಉಯ್ಯಾಲೆಯಂತೆ ತೂಗಿಬಿಟ್ಟು, ಅದಕ್ಕೆ ತೋಪಿನಿಂದಲೇ ಗುಂಡು ಹೊಡೆಸಿದರು. ದಿಮ್ಮಿ ಎಷ್ಟು ದೂರ ತೂಗಿತು ಅಂತ ಅಳೆದರೆ ಗುಂಡಿನ ವೇಗದ ಲೆಕ್ಕ ಸಿಗುತ್ತದೆ. ಹೀಗೆ ವರ್ಷಗಟ್ಟಲೆ ಹೊಡೆಸಿ, ಬರೆದಿಟ್ಟು, 1845ರಲ್ಲೂ 1849ರಲ್ಲೂ ವರದಿ ಕೊಟ್ಟರು. ಹಳೇ ಚಿಕ್ಕ ಸಾಧನ ನಂಬಿ ಮದ್ದು ಕೊಂಡರೆ ಮೋಸ ಹೋದ ಹಾಗೆಯೇ ಎಂದು ಅದರಿಂದ ಖಚಿತವಾಯಿತು. ತಕ್ಕಡಿಯೇ ಸುಳ್ಳಾದರೆ ತೂಕದ ಮಾತೇನು!

1855ರಲ್ಲಿ ಕ್ರೈಮಿಯಾ ಯುದ್ಧ ನೋಡಿಬರಲು ಸರ್ಕಾರ ಮೂವರನ್ನು ಕಳಿಸಿತು. ಅವರಲ್ಲಿ ಇವರೂ ಒಬ್ಬರು. ಬಂದ ಮೇಲೆ 1857ರಿಂದ ನ್ಯೂಯಾರ್ಕ್ ರಾಜ್ಯದ ವಾಟರ್‌ವ್ಲೀಟ್ ಶಸ್ತ್ರಾಗಾರದ ಮುಖ್ಯಸ್ಥರು.

1861 ಬಂತು. ಉತ್ತರ, ದಕ್ಷಿಣ ಎಂದು ದೇಶವೇ ಇಬ್ಭಾಗವಾಯಿತು. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟಿದ್ದ ದಕ್ಷಿಣದವರು ಇವರನ್ನು ಕರೆದರು. ತಾಯಿ, ಒಡಹುಟ್ಟಿದವರು ಅಲ್ಲೇ ಇದ್ದರು. ಹೆಂಡತಿ ಸಾರಾ ಉತ್ತರದ ಫಿಲಡೆಲ್ಫಿಯಾದವರು. ಅದೇ ವರ್ಷ ವೆಸ್ಟ್ ಪಾಯಿಂಟ್‌ನಿಂದ ಹೊರಬಂದ ಮಗ, ಅವನ ಹೆಸರೂ ಆಲ್ಫ್ರೆಡ್, ಉತ್ತರದ ಸೈನ್ಯದಲ್ಲಿ. ತಾವು ಮಾಡಿಸಿದ ಗುಂಡು ಅಣ್ಣತಮ್ಮಂದಿರ ಮೇಲೆ ಬೀಳಬೇಕು, ಇಲ್ಲವೇ ಹೆತ್ತ ಮಗನ ಮೇಲೆ! ದಕ್ಷಿಣದ ಕರೆಗೆ ಒಲ್ಲೆ ಎಂದರು. ಉತ್ತರದ ಕೆಲಸಕ್ಕೂ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಗುಲಾಮಗಿರಿಯ ವಿರುದ್ಧ ಅವರು ನೇರವಾಗಿ ನಿಲ್ಲಬೇಕಿತ್ತು ಅನ್ನುವವರಿದ್ದಾರೆ. ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಐವತ್ತೇಳನೇ ವಯಸ್ಸಿನಲ್ಲಿ ಪಿಂಚಣಿ ಇಲ್ಲದೆ, ಬಲ್ಲ ಒಂದೇ ವಿದ್ಯೆಯನ್ನು ಕೈಯಾರೆ ಬಿಟ್ಟು ಬರುವುದೂ ಸುಲಭದ ಮಾತಲ್ಲ.

ಫಿಲಡೆಲ್ಫಿಯಾದಲ್ಲಿ ಗಣಿತ ಪಾಠ ಹೇಳಿ ಎರಡು ವರ್ಷ ಸಂಸಾರ ತೂಗಿಸಿದರು. 1863ರಲ್ಲಿ ಮೆಕ್ಸಿಕೋದಿಂದ ಕೆಲಸ ಸಿಕ್ಕಿತು. ವೆರಾಕ್ರೂಜ್ ಬಂದರಿನಿಂದ ಏಳು ಸಾವಿರ ಅಡಿಗೂ ಎತ್ತರದ ಮೆಕ್ಸಿಕೋ ನಗರಕ್ಕೆ ಘಟ್ಟ ಹತ್ತಿಸುವ ರೈಲುದಾರಿ. ಅರವತ್ತರ ಸುಮಾರಿನ ಈ ಮನುಷ್ಯ ಮನೆಮಂದಿಯನ್ನು ಬಿಟ್ಟು, ಅಲ್ಲೂ ಯುದ್ಧ ನಡೆಯುತ್ತಿರುವಾಗಲೇ, ಸಹಾಯಕ ಇಂಜಿನಿಯರ್ ಆಗಿ ದುಡಿದರು. 1866ರಲ್ಲಿ ವಾಪಸು ಬಂದರು. ಆ ರೈಲು ಓಡಿದ್ದು 1873ರಲ್ಲಿ.

ಆಮೇಲೆ ಪೆನ್ಸಿಲ್ವೇನಿಯಾ ರೈಲ್ವೆಯ ಅಧೀನದಲ್ಲಿದ್ದ ಕಾಲುವೆ ಕಂಪನಿಯಲ್ಲಿ ಖಜಾಂಚಿ, ಕಾರ್ಯದರ್ಶಿಯಾಗಿ ಸುಮಾರು ಇಪ್ಪತ್ತು ವರ್ಷ. ಸಂಘದ ಲೆಕ್ಕಪತ್ರ ಹಿಡಿದವರಿಗೆ ಆ ಕುರ್ಚಿಯ ಕಷ್ಟ ಗೊತ್ತು. 1887ರ ಅಕ್ಟೋಬರ್ 23ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ತಂದೆ ಬಿಟ್ಟುಬಂದ ಆರ್ಡ್ನೆನ್ಸ್ ಇಲಾಖೆಯಲ್ಲೇ ಮಗ ಮುಂದುವರಿದು, 1904ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದರು.