ನೃಪತುಂಗನ ಕಾಲದ ಗಣಿತ ಮೇಷ್ಟ್ರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಗಾಂಧೀಜಿ, ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಈ ಮೂವರನ್ನೂ ಬೇರೆಯವರು ಆಗಲೇ ಆರಿಸಿಕೊಂಡಿದ್ದರು. ನನಗೆ ಅದು ಒಳ್ಳೆಯದೇ ಆಯಿತು. ಸುಮಾರು 1,170 ವರ್ಷಗಳ ಹಿಂದೆ ಲೆಕ್ಕದ ಪುಸ್ತಕವೊಂದನ್ನು ಬರೆದ ಮಹಾವೀರಾಚಾರ್ಯರ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿತ್ತು. ಇವರು ಜೈನರ 24ನೇ ತೀರ್ಥಂಕರರಾದ ವರ್ಧಮಾನ ಮಹಾವೀರರಲ್ಲ. ಅದೇ ಹೆಸರಿನ ಗಣಿತಜ್ಞರು, ದಿಗಂಬರ ಜೈನ ಪಂಥದವರು.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಗೆ ಮಳಖೇಡ ಎಂಬ ಊರಿದೆ. ಇಂದು ಅಲ್ಲಿ ಹಳೆಯ ಕೋಟೆಯೊಂದು ಉಳಿದಿದೆ. ಅದೇ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರನ್ನು ನಾವೆಲ್ಲ ‘ಕವಿರಾಜಮಾರ್ಗ’ದ ಜೊತೆಗೆ ಓದಿದ್ದೇವೆ. ಕನ್ನಡ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದವರೇ ಎಲ್ಲರೂ. ಅದೇ ಅರಸನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದರು ಎಂಬುದು ಮಾತ್ರ ನಮ್ಮ ಪಾಠದಲ್ಲಿ ಇರಲಿಲ್ಲ.

ಅವರ ತಂದೆ ತಾಯಿ ಯಾರು, ಹುಟ್ಟಿದ್ದು ಯಾವ ಊರಿನಲ್ಲಿ ಎಂಬುದಕ್ಕೆ ದಾಖಲೆ ಉಳಿದಿಲ್ಲ. ಅವರ ಜೀವನವೆಂದರೆ ಅವರ ಪುಸ್ತಕವೇ. ಆರಂಭದಲ್ಲಿ ಅವರು ಜಿನನಿಗೆ ನಮಸ್ಕರಿಸುತ್ತಾರೆ, ಅರಸ ನೃಪತುಂಗನನ್ನು ಹೊಗಳುತ್ತಾರೆ, ಆಮೇಲೆ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಪಟ್ಟಿ ಕೊಡುತ್ತಾರೆ. ವ್ಯಾಪಾರ, ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವುದು ಎಲ್ಲ ಅದರಲ್ಲಿ ಬರುತ್ತವೆ. ಅಡುಗೆಯೂ ಇದೆ! ಪಂಡಿತರ ಪುಸ್ತಕದಲ್ಲಿ ಅಡುಗೆಮನೆಗೆ ಜಾಗ ಕೊಟ್ಟ ಈ ಮನುಷ್ಯ ನನಗೆ ಅಲ್ಲಿಯೇ ಹಿಡಿಸಿಬಿಟ್ಟರು.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥದೊಳಗೆ ಒಂದು ಭಾಗವಾಗಿ ಹೇಳಿದರು. ಮಹಾವೀರಾಚಾರ್ಯರದು ಪೂರ್ತಿ ಗಣಿತಕ್ಕೇ ಮೀಸಲಾದ ಪುಸ್ತಕ. ಸಂಸ್ಕೃತ ಪದ್ಯಗಳಲ್ಲಿದೆ, ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಶ್ಲೋಕ. ಮೊದಲು ಸೂತ್ರ, ಅದರ ಬೆನ್ನಿಗೇ ಸಾಲು ಸಾಲು ಲೆಕ್ಕಗಳು. ನಮ್ಮ ಪಠ್ಯಪುಸ್ತಕದ ‘ಅಭ್ಯಾಸ’ ಇದ್ದ ಹಾಗೆಯೇ. ಆದರೆ ಅವರ ಲೆಕ್ಕಗಳು ಹೆಚ್ಚಿನವು ಒಗಟುಗಳು, ಪುಟ್ಟ ಕಥೆಗಳು.

ಒಂದನ್ನು ವಿವರವಾಗಿ ಹೇಳುತ್ತೇನೆ. ದಣಿದ 23 ಪ್ರಯಾಣಿಕರು ಹಣ್ಣು ಹೂಗಳಿಂದ ತುಂಬಿದ ಒಂದು ತಂಪಾದ ವನಕ್ಕೆ ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಗುಡ್ಡೆಗಳಿವೆ, ಎಲ್ಲ ಗುಡ್ಡೆಯಲ್ಲೂ ಒಂದೇ ಸಂಖ್ಯೆಯ ಹಣ್ಣು. ಜೊತೆಗೆ ಬಿಡಿಯಾಗಿ 7 ಹಣ್ಣು. ಎಲ್ಲವನ್ನೂ ಸೇರಿಸಿ 23 ಜನರಿಗೆ ಸಮನಾಗಿ ಹಂಚಿದರೆ ಒಂದೂ ಮಿಗಲಿಲ್ಲ. ಹಾಗಾದರೆ ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣಿದ್ದವು?

ಹಿಂದಿನ ವರ್ಷ ಊರಿಗೆ ಬಂದಾಗ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಮ್ಮ ಶಾಲೆಯ ಹತ್ತನೇ ತರಗತಿಯಲ್ಲಿ ಒಂದು ಪೀರಿಯಡ್ ಇದೇ ಲೆಕ್ಕ ಕೊಟ್ಟೆ. ಸೂತ್ರ ಯಾವುದು ಸಾರ್ ಎಂದು ಮುಂದಿನ ಬೆಂಚಿನವರು ಕೇಳಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಸೂತ್ರಕ್ಕೆ ಕಾಯಲಿಲ್ಲ. ಗುಡ್ಡೆಗೆ ಒಂದು ಹಣ್ಣಾದರೆ ಒಟ್ಟು 70, ಎರಡಾದರೆ 133, ಮೂರಾದರೆ 196, ನಾಲ್ಕಾದರೆ 259, ಐದಾದರೆ 322 ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಹೋದಳು. 322ನ್ನು 23ರಿಂದ ಭಾಗಿಸಿದರೆ ಸರಿಯಾಗಿ 14. ಗುಡ್ಡೆಗೆ ಐದು ಹಣ್ಣು, ತಲೆಗೆ ಹದಿನಾಲ್ಕು.

ಆಮೇಲೆ ನಾನು ಒಬ್ಬ ಪ್ರಯಾಣಿಕನನ್ನು ಸೇರಿಸಿದೆ. ಈಗ 24 ಜನ. ಮಕ್ಕಳು ಹತ್ತರವರೆಗೆ ಹೋದರು, ಇಪ್ಪತ್ತರವರೆಗೆ ಹೋದರು, ಹಂಚಿಕೆ ಆಗಲೇ ಇಲ್ಲ. ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆ ಹುಟ್ಟಿದ್ದೇ ಆಗ. 63 ಮತ್ತು 24 ಎರಡನ್ನೂ 3 ಭಾಗಿಸುತ್ತದೆ. ಗುಡ್ಡೆ ಎಷ್ಟೇ ದೊಡ್ಡದಿರಲಿ, 63 ಗುಡ್ಡೆಗಳ ಹಣ್ಣು ಮೂರು ಮೂರಾಗಿ ಪೂರ್ತಿ ಜೋಡಿಸಬಹುದು. 24 ಜನರಿಗೆ ಸಮನಾಗಿ ಕೊಟ್ಟದ್ದನ್ನೂ ಹಾಗೆ ಜೋಡಿಸಬಹುದು. ನಡುವೆ ಬಂದ ಆ ಬಿಡಿ 7 ಹಣ್ಣು ಮಾತ್ರ ಮೂರಕ್ಕೆ ಒಗ್ಗುವುದಿಲ್ಲ. 25 ಜನರಾದರೆ ಮತ್ತೆ ಸಾಧ್ಯ: ಗುಡ್ಡೆಗೆ 11, ತಲೆಗೆ 28. ಹಾಗಾದರೆ 28 ಜನರಾದರೆ? 63 ಮತ್ತು 28ಕ್ಕೆ 7 ಸಾಮಾನ್ಯ. ಆದರೆ ಬಿಡಿ ಹಣ್ಣೂ 7ರಷ್ಟೇ ಇರುವುದರಿಂದ ಅಡ್ಡಿಯಿಲ್ಲ: ಗುಡ್ಡೆಗೆ 3, ತಲೆಗೆ 7. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ, ನಾವು ಮ.ಸಾ.ಅ. ಎಂದು ಕರೆಯುವುದು, ಬಿಡಿ ಹಣ್ಣಿನ ಸಂಖ್ಯೆಯನ್ನು ಭಾಗಿಸಬೇಕು. ಭಾಗಿಸಿದರೆ ಹಂಚಬಹುದು, ಇಲ್ಲದಿದ್ದರೆ ಜನ್ಮದಲ್ಲೂ ಹಂಚಲಾಗದು. ಹಾಗೆ ಭಾಗಿಸದ ಲೆಕ್ಕವನ್ನು ಕೊಟ್ಟವನದೇ ತಪ್ಪು ಎಂದು ಮುಂದೆ 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ. ಗಂಟೆ ಹೊಡೆಯುವವರೆಗೂ ಮಕ್ಕಳು 26, 27, 30 ಎಂದು ಪ್ರಯಾಣಿಕರನ್ನು ಬದಲಾಯಿಸುತ್ತ ಆಗುತ್ತೆ, ಆಗಲ್ಲ ಎಂದು ಕೂಗುತ್ತಿದ್ದರು.

ಪರೀಕ್ಷಿಸಿ ನೋಡುವುದಕ್ಕೆ ಸಣ್ಣ ಸಂಖ್ಯೆಯಾದರೆ ಸರಿ, ದೊಡ್ಡದಾದರೆ ದಾರಿ ಬೇಕು. ಆ ದಾರಿಗೆ ‘ಕುಟ್ಟಕ’ ಎಂದು ಹೆಸರು. ಒರಳಿನಲ್ಲಿ ಕುಟ್ಟಿ ಕುಟ್ಟಿ ಪುಡಿ ಮಾಡಿದಂತೆ ಸಂಖ್ಯೆಗಳನ್ನು ಚಿಕ್ಕದು ಮಾಡುತ್ತ ಹೋಗುವುದು. 63ನ್ನು 23ರಿಂದ ಭಾಗಿಸಿದರೆ ಶೇಷ 17. 23ನ್ನು 17ರಿಂದ ಭಾಗಿಸಿದರೆ 6. 17ನ್ನು 6ರಿಂದ ಭಾಗಿಸಿದರೆ 5. 6ನ್ನು 5ರಿಂದ ಭಾಗಿಸಿದರೆ 1. ಹೌದು, ಭಾಗಾಕಾರ ಕ್ರಮದಲ್ಲಿ ಮ.ಸಾ.ಅ. ಕಂಡುಹಿಡಿಯುವುದು ಎಂದು ನಮ್ಮ ಮೇಷ್ಟ್ರು ಕಪ್ಪುಹಲಗೆಯ ತುದಿಯಿಂದ ಬುಡದವರೆಗೆ ಮೆಟ್ಟಿಲಿಳಿಸುತ್ತಿದ್ದ ಅದೇ ಲೆಕ್ಕ. ಬಂದ ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬಳ್ಳಿಯಂತೆ ಬರೆದುಕೊಂಡು ಕೆಳಗಿನಿಂದ ಮೇಲಕ್ಕೆ ಹಿಂತಿರುಗಿದರೆ ಗುಡ್ಡೆಯ ಹಣ್ಣು ಸಿಗುತ್ತದೆ. ಅದಕ್ಕೇ ಮಹಾವೀರಾಚಾರ್ಯರು ಇದನ್ನು ‘ವಲ್ಲಿಕಾ’, ಎಂದರೆ ಬಳ್ಳಿಯ ಕುಟ್ಟೀಕಾರ ಎಂದು ಕರೆದರು. ವಿಧಾನ ಅವರ ಸ್ವಂತದ್ದಲ್ಲ, ಆರ್ಯಭಟರು ಕ್ರಿ.ಶ. 499ರಲ್ಲೇ ಹೇಳಿದ್ದರು. ಆದರೆ ಒಣಗಿದ ಸೂತ್ರವನ್ನು ಬಾಳೆಹಣ್ಣಿನ ತೋಟಕ್ಕೆ ಕರೆದುಕೊಂಡು ಹೋದದ್ದು ಸಣ್ಣ ಕೆಲಸವೆಂದು ನಾನು ಒಪ್ಪುವುದಿಲ್ಲ. ನನ್ನ ಕಸುಬಿನಲ್ಲಿ ಈ ಲೆಕ್ಕ ಇಂದಿಗೂ ಬದುಕಿದೆ. ಅಂತರ್ಜಾಲದಲ್ಲಿ ಮಾಹಿತಿ ಕಾಪಾಡಲು ಬಳಸುವ ಆರ್‌ಎಸ್‌ಎ ಎಂಬ ಗೂಢಲಿಪಿಯ ಕೀಲಿ ತಯಾರಿಸುವಾಗ ಕಂಪ್ಯೂಟರ್ ಮಾಡುವುದು ಇದೇ ಬಗೆಯ ಮೆಟ್ಟಿಲಿಳಿಯುವ, ಮೆಟ್ಟಿಲೇರುವ ಕೆಲಸ.

ಲ.ಸಾ.ಅ. ವಿಷಯದಲ್ಲಿ ಅವರ ಹೆಸರು ಇನ್ನೂ ಮುಖ್ಯ. ಭಿನ್ನರಾಶಿ ಕೂಡುವಾಗ ಛೇದಗಳನ್ನು ಸುಮ್ಮನೆ ಗುಣಿಸಿಬಿಟ್ಟರೆ ಸಂಖ್ಯೆ ಬೆಳೆದು ಕೈಗೆ ಸಿಗುವುದಿಲ್ಲ. ಛೇದಗಳು 12 ಮತ್ತು 18 ಇದ್ದರೆ ಗುಣಲಬ್ಧ 216. ಮಹಾವೀರಾಚಾರ್ಯರು ಎರಡಕ್ಕೂ ಸಾಮಾನ್ಯವಾದ 6ನ್ನು ಹೊರಗೆ ತೆಗೆದು, ಉಳಿದ 2 ಮತ್ತು 3ರಿಂದ ಅದನ್ನು ಗುಣಿಸಿ 36ಕ್ಕೆ ನಿಲ್ಲಿಸುವ ಕ್ರಮವನ್ನು ಹೇಳಿದರು, ಅದಕ್ಕೆ ‘ನಿರುದ್ಧ’ ಎಂದು ಹೆಸರಿಟ್ಟರು. ಭಾರತದ ಗ್ರಂಥಗಳಲ್ಲಿ ಈ ಕ್ರಮ ಮೊದಲು ಕಾಣುವುದು ಇವರಲ್ಲೇ ಎಂದು ಗಣಿತದ ಇತಿಹಾಸಕಾರರು ಹೇಳುತ್ತಾರೆ. ಛೇದ, ಅಪವರ್ತನ, ತ್ರೈರಾಶಿ ಎಂದು ನಾವು ಶಾಲೆಯಲ್ಲಿ ಬಳಸುವ ಮಾತುಗಳು ಬಂದದ್ದೂ ಇದೇ ಪರಂಪರೆಯಿಂದ. ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದ ಮೊದಲ ವರ್ಷ ಈ ಶಬ್ದಗಳನ್ನು ಹೇಳಲು ನಾಚಿಕೊಳ್ಳುತ್ತಿದ್ದ ಎಷ್ಟೋ ಹುಡುಗರನ್ನು ಹಾಸ್ಟೆಲ್‌ನಲ್ಲಿ ನೋಡಿದ್ದೇನೆ.

ಇನ್ನುಳಿದ ಒಗಟುಗಳನ್ನು ಹೇಳುತ್ತ ಹೋದರೆ ಸಂಚಿಕೆಯ ಪುಟ ಸಾಲದು. ಒಂಟೆಗಳ ಹಿಂಡೊಂದರಲ್ಲಿ ಕಾಲುಭಾಗ ಕಾಡಿನಲ್ಲಿ, ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ಹೊಳೆಯ ದಡದಲ್ಲಿ. ಒಟ್ಟು 36 ಒಂಟೆ. ಹರಿದ ಮುತ್ತಿನ ಹಾರದ ಇನ್ನೊಂದು ಲೆಕ್ಕದಲ್ಲಿ ಮುತ್ತುಗಳು ಒಟ್ಟು 1,48,608! ಅಷ್ಟು ದೊಡ್ಡ ಹಾರವನ್ನು ಯಾರು ಹೊರುತ್ತಾರೆ ಎಂದು ಕೇಳಬಾರದು. ಗುಣಾಕಾರದ ಅಧ್ಯಾಯದಲ್ಲಿ ಅವರು ಸಂಖ್ಯೆಗಳಿಂದಲೇ ಹಾರ ಕಟ್ಟುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂದೂ ಕೇಳುತ್ತಾರೆ, ಉತ್ತರ 63. ಪಿಯುಸಿಯಲ್ಲಿ ಬರುವ ವಿಕಲ್ಪಗಳ ಸೂತ್ರವೇ ಅದು.

ಎಲ್ಲವೂ ಸರಿಯಿತ್ತೆಂದು ಹೇಳಲಾಗದು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದರು, ಅದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದದ್ದು ಅಂದಿನ ಸಂಖ್ಯೆಗಳ ಮಟ್ಟಿಗೆ ಸರಿ.

ಪುಸ್ತಕ ಅವರ ನಂತರವೂ ದಕ್ಷಿಣದಲ್ಲಿ ಬಳಕೆಯಲ್ಲಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ವಲ್ಲಭ ಎಂಬುವನು ಕನ್ನಡದಲ್ಲಿ ಚಿಕ್ಕ ಟೀಕೆ ಬರೆದನು. ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಲೆಕ್ಕದ ಅಂಕಿಗಳನ್ನೂ ಉತ್ತರಗಳನ್ನೂ ಕನ್ನಡದಲ್ಲೇ ಗುರುತು ಹಾಕಿಟ್ಟವರಿದ್ದರು. ಅವರು ಯಾವುದೋ ಊರಿನ ಮೇಷ್ಟ್ರೇ ಇರಬೇಕು ಎಂದು ನನ್ನ ಊಹೆ. ಮೂಡುಬಿದಿರೆಯಲ್ಲಿ, ಮೈಸೂರಿನಲ್ಲಿ ಉಳಿದುಕೊಂಡಿದ್ದ ಪ್ರತಿಗಳ ನೆರವಿನಿಂದ ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂತು.

ನನ್ನ ಬ್ಯಾಚಿನಲ್ಲಿ ಗಣಿತ ಒಂದರಲ್ಲೇ ಫೇಲಾಗಿ ಶಾಲೆ ಬಿಟ್ಟವರು ಇದ್ದಾರೆ. ಅವರಲ್ಲಿ ಒಬ್ಬ ಇಂದು ಸಂತೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ. ನೂರು ಕಾಯಿಯ ಗುಡ್ಡೆ ಎಷ್ಟು, ಬಿಡಿ ಎಷ್ಟು, ಪಾಲು ಎಷ್ಟು ಎಂದು ಬಾಯಲ್ಲೇ ಹೇಳುತ್ತಾನೆ, ಕ್ಯಾಲ್ಕ್ಯುಲೇಟರ್ ಮುಟ್ಟುವುದಿಲ್ಲ. ಇವನಿಗೆ ಲೆಕ್ಕ ಬರುವುದಿಲ್ಲ ಎಂದು ಆ ಅಂಕಪಟ್ಟಿ ಹೇಗೆ ತೀರ್ಮಾನಿಸಿತು ಎಂಬುದು ನನಗೆ ಈಗಲೂ ಬಿಡಿಸಲಾಗದ ಒಗಟು. ಬಾಳೆಹಣ್ಣಿನ ಗುಡ್ಡೆಯಿಂದ ಪಾಠ ಶುರುವಾಗಿದ್ದರೆ ಅವನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ.

ಕೊನೆಗೆ ಮಹಾವೀರಾಚಾರ್ಯರದೇ ಒಂದು ಲೆಕ್ಕವನ್ನು ಓದುಗರಿಗೆ ಬಿಡುತ್ತೇನೆ. ಮೂವರು ವ್ಯಾಪಾರಿಗಳು ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಕಂಡರು. ಅದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನಲ್ಲಿರುತ್ತದೆ ಎಂದ ಮೊದಲನೆಯವ. ನನಗೆ ಸಿಕ್ಕರೆ ಮೂರರಷ್ಟು ಎಂದ ಎರಡನೆಯವ. ನನಗಾದರೆ ಐದರಷ್ಟು ಎಂದ ಮೂರನೆಯವ. ಚೀಲದಲ್ಲಿ ಕನಿಷ್ಠ ಎಷ್ಟು ಹಣವಿತ್ತು, ಮೂವರ ಕೈಯಲ್ಲಿ ಎಷ್ಟೆಷ್ಟಿತ್ತು? ಉತ್ತರ ಹತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಸಿಗುತ್ತದೆ.